ಉಬುಂಟುವಿನಿಂದ ಸ್ನ್ಯಾಪ್ ತೆಗೆಯುವುದು: ಯಾವುದು ಮೊದಲು, ಯಾವುದು ಕೊನೆಗೆ

ಉಬುಂಟು ಡೆಸ್ಕ್‌ಟಾಪ್‌ನಿಂದ ತಂತ್ರಾಂಶಗಳನ್ನು ಸ್ಥಾಪಿಸಿ ತಾನಾಗಿ ನವೀಕರಿಸುವ ಸ್ನ್ಯಾಪ್ ವ್ಯವಸ್ಥೆಯನ್ನು ತೆಗೆಯಲು ಹೊರಟವರು ಮತ್ತೆ ಮತ್ತೆ ಮೂರು ಕಡೆ ಎಡವುತ್ತಿದ್ದಾರೆ. ಕೆಲವರು ಮೊದಲ ಏಟಿಗೇ ಬ್ರೌಸರನ್ನು ತೆಗೆದುಹಾಕಿ, ಮುಂದಿನ ಹೆಜ್ಜೆಯನ್ನು ಹುಡುಕಲೂ ದಾರಿಯಿಲ್ಲದೆ ಕೂರುತ್ತಾರೆ. ಕೆಲವರಿಗೆ ಬುಕ್‌ಮಾರ್ಕ್‌ಗಳೂ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಅದರ ಜೊತೆಯಲ್ಲೇ ಅಳಿದುಹೋದವೆಂದು ಕೆಲಸ ಮುಗಿದ ಮೇಲೆ ಗೊತ್ತಾಗುತ್ತದೆ. ಇನ್ನು ಕೆಲವರು ಎಲ್ಲವನ್ನೂ ಸರಿಯಾಗಿ ತೆಗೆದಿರುತ್ತಾರೆ; ಕೆಲವು ದಿನಗಳ ನಂತರ ಯಾವುದೋ ಒಂದು ಪ್ಯಾಕೇಜ್ (ತಂತ್ರಾಂಶದ ಕಟ್ಟು) ಹಾಕಿಕೊಳ್ಳುತ್ತಾರೆ, ಅದರ ಬೆನ್ನಿಗೆ ಸ್ನ್ಯಾಪ್ ಪೂರ್ತಿಯಾಗಿ ಮರಳಿ ಬಂದಿರುತ್ತದೆ.

ಇವರು ಬಳಸಿದ ಆಜ್ಞೆಗಳಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಕ್ರಮ. ಬದಲಿ ಬ್ರೌಸರ್ ಬರುವ ಮೊದಲೇ ಹಳೆಯದು ಹೋಯಿತು, ದತ್ತಾಂಶ ಹೊರಗೆ ಬರುವ ಮೊದಲೇ ಅದಿದ್ದ ಫೋಲ್ಡರ್ ಹೋಯಿತು, ಬಾಗಿಲಿಗೆ ಬೀಗ ಹಾಕುವುದು ಮರೆತೇಹೋಯಿತು. ಹಾಗಾಗಿ ಈ ಬರಹದಲ್ಲಿ ಹಂತಗಳ ಸರದಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಒಂದು ಹಂತವನ್ನೂ ಹಾರಿಸಬೇಡಿ, ಹಿಂದುಮುಂದು ಮಾಡಬೇಡಿ.

ಇಲ್ಲಿನ ವಿವರಗಳು ಉಬುಂಟು 22.04 ಮತ್ತು 24.04ರ ಗ್ನೋಮ್ ಡೆಸ್ಕ್‌ಟಾಪ್‌ಗೆ ಹೊಂದುತ್ತವೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಅಡ್ಡಗೆರೆ, ಓರೆಗೆರೆ, ಚುಕ್ಕೆ, ಪದಗಳ ನಡುವಿನ ಖಾಲಿ ಜಾಗ, ಎಲ್ಲವೂ ಇಲ್ಲಿರುವಂತೆಯೇ ಇರಲಿ.

## ಯಾರು ತೆಗೆಯಬಾರದು

ಟರ್ಮಿನಲ್ ತೆರೆದು ಈ ಆಜ್ಞೆ ಕೊಡಿ:

ಸ್ನ್ಯಾಪ್ ಲಿಸ್ಟ್

ಬರುವ ಪಟ್ಟಿಯಲ್ಲಿ "ಪಿಸಿ-ಕರ್ನಲ್" ಎಂಬ ಹೆಸರಿದ್ದರೆ, ಅಥವಾ ಕೊನೆಯ ಕಾಲಮ್‌ನಲ್ಲಿ "ಕರ್ನಲ್" ಎಂದಿದ್ದರೆ, ಇಲ್ಲಿಗೇ ನಿಲ್ಲಿಸಿ. ಕಂಪ್ಯೂಟರಿನ ಟಿಪಿಎಂ ಎಂಬ ಭದ್ರತಾ ಚಿಪ್ ಆಧರಿಸಿ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಆಯ್ಕೆಯೊಂದು 23.10ರಿಂದ ಪ್ರಯೋಗಾರ್ಥವಾಗಿ ಉಬುಂಟುವಿನಲ್ಲಿ ಬಂದಿದೆ. ಅದನ್ನು ಆರಿಸಿಕೊಂಡ ಕಂಪ್ಯೂಟರ್‌ಗಳಲ್ಲಿ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ಲೇ ಸ್ನ್ಯಾಪ್ ರೂಪದಲ್ಲಿರುತ್ತದೆ. ಅಂಥಲ್ಲಿ ಸ್ನ್ಯಾಪ್ ತೆಗೆದರೆ ಕಂಪ್ಯೂಟರ್ ಮತ್ತೆ ಬೂಟ್ ಆಗುವುದಿಲ್ಲ. ಸ್ನ್ಯಾಪ್ ಬೇಡವೇ ಬೇಡವೆಂದರೆ ಮರುಸ್ಥಾಪನೆ ಒಂದೇ ದಾರಿ.

ಪಟ್ಟಿಯಲ್ಲಿ "ಕೆನಾನಿಕಲ್-ಲೈವ್‌ಪ್ಯಾಚ್" ಕಂಡರೆ, ಕಂಪ್ಯೂಟರನ್ನು ಮರುಪ್ರಾರಂಭಿಸದೆ ಕರ್ನಲ್‌ನ ಭದ್ರತಾ ತಿದ್ದುಪಡಿ ಹಾಕುವ ಸೌಲಭ್ಯ ನಿಮ್ಮಲ್ಲಿ ಚಾಲ್ತಿಯಲ್ಲಿದೆ. ಅದು ಸ್ನ್ಯಾಪ್ ಆಗಿಯೇ ಬರುತ್ತದೆ, ಸ್ನ್ಯಾಪ್ ಜೊತೆಗೇ ಹೋಗುತ್ತದೆ. ಮನೆಯ ಕಂಪ್ಯೂಟರ್‌ನಲ್ಲಿ ಇದು ದೊಡ್ಡ ನಷ್ಟವಲ್ಲ, ಕರ್ನಲ್ ನವೀಕರಣವಾದಾಗ ಮರುಪ್ರಾರಂಭಿಸಿದರೆ ಸಾಕು. ಕಚೇರಿಯ ಕಂಪ್ಯೂಟರಾದರೆ ಅದನ್ನು ನೋಡಿಕೊಳ್ಳುವವರನ್ನು ಕೇಳದೆ ಕೈ ಹಾಕಬೇಡಿ.

## ಬೇಕಾದ ಸಲಕರಣೆಗಳು

ಆಡಳಿತಾಧಿಕಾರವಿರುವ ಖಾತೆಯ ಪಾಸ್‌ವರ್ಡ್, ನಡುವೆ ಕೈಕೊಡದ ಇಂಟರ್ನೆಟ್, ಬ್ಯಾಕಪ್‌ಗೆ ಒಂದು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್, ಈ ಬರಹವನ್ನು ತೆರೆದಿಟ್ಟುಕೊಳ್ಳಲು ಒಂದು ಮೊಬೈಲ್. ಕೊನೆಯದನ್ನು ಕಡೆಗಣಿಸಬೇಡಿ: ನೀವು ಕೈ ಹಾಕುತ್ತಿರುವುದು ಓದುತ್ತಿರುವ ಬ್ರೌಸರಿನ ಬುಡಕ್ಕೇ. ಅವಸರವಿಲ್ಲದ ಒಂದೆರಡು ಗಂಟೆ ಇಟ್ಟುಕೊಳ್ಳಿ.

## ಹಂತ 1: ಪಟ್ಟಿಯನ್ನು ಓದಿ, ಬರೆದಿಟ್ಟುಕೊಳ್ಳಿ

"ಸ್ನ್ಯಾಪ್ ಲಿಸ್ಟ್" ಕೊಟ್ಟ ಪಟ್ಟಿಗೆ ಮರಳೋಣ. ಅದರಲ್ಲಿ ಮೂರು ಬಗೆಯವು ಇರುತ್ತವೆ.

ಮೊದಲನೆಯವು ನೀವು ಬಳಸುವ ತಂತ್ರಾಂಶಗಳು: ಫೈರ್‌ಫಾಕ್ಸ್, 24.04ರಲ್ಲಿ ಥಂಡರ್‌ಬರ್ಡ್, ಆಪ್ ಸೆಂಟರ್ ಆಗಿ ಕಾಣುವ "ಸ್ನ್ಯಾಪ್-ಸ್ಟೋರ್", "ಫರ್ಮ್‌ವೇರ್-ಅಪ್‌ಡೇಟರ್", ಮತ್ತು ನೀವೇ ಹಾಕಿಕೊಂಡ ಇನ್ನೇನಾದರೂ. ಎರಡನೆಯವು ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಸಾಮಗ್ರಿ: "ಗ್ನೋಮ್-42-2204", "ಜಿಟಿಕೆ-ಕಾಮನ್-ಥೀಮ್ಸ್" ಇಂಥವು. ಮೂರನೆಯವು ಅಡಿಪಾಯ: "ಬೇರ್", "ಕೋರ್20", "ಕೋರ್22" ಮುಂತಾದವು. ಇವುಗಳ ಕೊನೆಯ ಕಾಲಮ್‌ನಲ್ಲಿ "ಬೇಸ್" ಎಂದಿರುತ್ತದೆ. ಎಲ್ಲಕ್ಕೂ ಕೆಳಗೆ, ಇವನ್ನೆಲ್ಲ ನಡೆಸುವ ಸೇವೆಯಾದ "ಸ್ನ್ಯಾಪ್‌ಡಿ" ಇದೆ.

ಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲ ಬಗೆಯ ಪ್ರತಿ ಹೆಸರಿನ ಮುಂದೆ ಅದರ ಬದಲಿ ಎಲ್ಲಿಂದ ಬರುತ್ತದೆಂದು ಬರೆಯಿರಿ. ಬದಲಿ ಸಿಗದ ತಂತ್ರಾಂಶ ಒಂದಾದರೂ ಇದ್ದು, ಅದು ನಿಮಗೆ ಪ್ರತಿದಿನ ಬೇಕೆಂದಾದರೆ, ಸ್ನ್ಯಾಪ್ ಇಟ್ಟುಕೊಳ್ಳುವುದೇ ವಿವೇಕ ಎನ್ನುವುದು ನನ್ನ ಅಭಿಪ್ರಾಯ.

## ಹಂತ 2: ದತ್ತಾಂಶವನ್ನು ಹೊರಗೆ ತನ್ನಿ

ಅತಿ ಹೆಚ್ಚು ಕಣ್ಣೀರು ಹರಿದಿರುವುದು ಈ ಹಂತವನ್ನು ಬಿಟ್ಟದ್ದಕ್ಕೆ.

ಸಾಮಾನ್ಯ ಪ್ಯಾಕೇಜನ್ನು ತೆಗೆದರೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ ಅದರ ದತ್ತಾಂಶ ಹಾಗೆಯೇ ಉಳಿಯುತ್ತದೆ. ಲಿನಕ್ಸ್ ಬಳಸಿ ರೂಢಿಯಾದವರು ಅದನ್ನೇ ನಂಬಿ ಮುಂದುವರಿಯುತ್ತಾರೆ. ಸ್ನ್ಯಾಪ್ ಹಾಗಲ್ಲ. ಒಂದು ಸ್ನ್ಯಾಪ್ ತಂತ್ರಾಂಶವನ್ನು ತೆಗೆದ ಕ್ಷಣದಲ್ಲೇ ಹೋಮ್‌ನ ಒಳಗಿನ "ಸ್ನ್ಯಾಪ್" ಫೋಲ್ಡರ್‌ನಲ್ಲಿರುವ ಅದರ ಉಪಫೋಲ್ಡರ್ ಕೂಡ ಅಳಿಯುತ್ತದೆ. ಫೈರ್‌ಫಾಕ್ಸ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್, ಇತಿಹಾಸ ಎಲ್ಲವೂ ಇರುವುದು ಅಲ್ಲೇ ("~" ಎಂದರೆ ಹೋಮ್ ಫೋಲ್ಡರ್):

~/ಸ್ನ್ಯಾಪ್/ಫೈರ್‌ಫಾಕ್ಸ್/ಕಾಮನ್/.ಮೊಜಿಲ್ಲಾ/ಫೈರ್‌ಫಾಕ್ಸ್

ಅಳಿಸುವ ಮೊದಲು ಸ್ನ್ಯಾಪ್ ತಾನಾಗಿಯೇ ಒಂದು ಪ್ರತಿ ತೆಗೆದು 31 ದಿನ ಇಟ್ಟುಕೊಳ್ಳುತ್ತದೆ ಎಂಬುದು ನಿಜ. ಅದನ್ನು ನಂಬಿ ಧೈರ್ಯವಾಗಿರುವವರನ್ನು ನಾನು ಕಂಡಿದ್ದೇನೆ. ಆದರೆ ಆ ಪ್ರತಿ ಕೂರುವುದು "/ವಾರ್/ಲಿಬ್/ಸ್ನ್ಯಾಪ್‌ಡಿ" ಒಳಗೆ. ಮುಂದೆ ಹಂತ 6ರಲ್ಲಿ ಆ ಫೋಲ್ಡರ್ರೇ ಹೋಗುತ್ತದೆ, ಪ್ರತಿಯೂ ಅದರ ಜೊತೆ ಹೋಗುತ್ತದೆ. ಇಡೀ ವ್ಯವಸ್ಥೆಯನ್ನು ತೆಗೆಯುವವರಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಹಾಗಾಗಿ ಸ್ವಂತ ಬ್ಯಾಕಪ್ ಮಾಡಿ. ಮೊದಲು ಎಲ್ಲ ಸ್ನ್ಯಾಪ್ ತಂತ್ರಾಂಶಗಳನ್ನು ಮುಚ್ಚಿ. ಫೈರ್‌ಫಾಕ್ಸ್ ತೆರೆದಿರುವಾಗ ತೆಗೆದ ಪ್ರತಿಯಲ್ಲಿ ಅರ್ಧ ಬರೆದ ಕಡತಗಳಿರಬಹುದು. ಆಮೇಲೆ ಈ ಆಜ್ಞೆ:

ಟಾರ್ -ಸಿಝಡ್‌ಎಫ್ ~/ಸ್ನ್ಯಾಪ್-ಬ್ಯಾಕಪ್.ಟಾರ್.ಜಿಝಡ್ -ಸಿ ~ ಸ್ನ್ಯಾಪ್

ಇದರಲ್ಲಿ ಎರಡು "ಸಿ" ಇವೆ. ಮೊದಲನೆಯದು, "ಝಡ್‌ಎಫ್" ಜೊತೆ ಸೇರಿರುವುದು, ಸಣ್ಣ ಅಕ್ಷರ. ಒಂಟಿಯಾಗಿರುವ ಎರಡನೆಯದು ದೊಡ್ಡ ಅಕ್ಷರ. ಆಜ್ಞೆಯ ಫಲವಾಗಿ ಇಡೀ ಸ್ನ್ಯಾಪ್ ಫೋಲ್ಡರ್ ಒಂದೇ ಕಡತವಾಗುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ. ಫೋಲ್ಡರನ್ನು ಹಾಗೆಯೇ ಎಳೆದು ಹಾಕಬೇಡಿ, ಏಕೆಂದರೆ ಬಹಳಷ್ಟು ಪೆನ್‌ಡ್ರೈವ್‌ಗಳ ಕಡತ ವ್ಯವಸ್ಥೆಗೆ ಲಿನಕ್ಸ್‌ನ ಸಾಂಕೇತಿಕ ಕೊಂಡಿಗಳನ್ನು ಹಿಡಿದಿಡಲು ಬರುವುದಿಲ್ಲ, ನಕಲು ನಡುವೆ ದೋಷ ಕೊಟ್ಟು ನಿಲ್ಲುತ್ತದೆ. ಫ್ಯಾಟ್32 ಪೆನ್‌ಡ್ರೈವ್ ಆದರೆ 4 ಜಿಬಿ ಮೀರಿದ ಕಡತವೂ ಹಿಡಿಸುವುದಿಲ್ಲ.

ಇನ್ನು ಮೂರು ಸಂಗತಿಗಳನ್ನು ನೋಡಿಕೊಳ್ಳಿ. ಒಂದೇ ಕಂಪ್ಯೂಟರನ್ನು ಹಲವರು ಬಳಸುತ್ತಿದ್ದರೆ ಪ್ರತಿಯೊಬ್ಬರ ಖಾತೆಯಿಂದಲೂ ಬ್ಯಾಕಪ್ ಆಗಬೇಕು. ತೆಗೆಯುವಾಗ ಎಲ್ಲರ ದತ್ತಾಂಶವೂ ಹೋಗುತ್ತದೆ. ಕೆಲವು ತಂತ್ರಾಂಶಗಳು ನೀವು ಉಳಿಸಿದ ಕಡತಗಳನ್ನೂ ತಮ್ಮ ಸ್ನ್ಯಾಪ್ ಫೋಲ್ಡರ್ ಒಳಗೇ ಇಟ್ಟಿರುತ್ತವೆ, ಅಲ್ಲಿನ "ಕರೆಂಟ್" ಮತ್ತು "ಕಾಮನ್" ಫೋಲ್ಡರ್‌ಗಳ ಒಳಗೆ ಒಮ್ಮೆ ಇಣುಕಿ. ಚುಕ್ಕೆಯಿಂದ ಶುರುವಾಗುವ ಫೋಲ್ಡರ್‌ಗಳು ಫೈಲ್ಸ್ ತಂತ್ರಾಂಶದಲ್ಲಿ ಕಾಣಲು ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಬೇಕು.

ಥಂಡರ್‌ಬರ್ಡ್ ಬಳಸುವವರು ಅದರ ಟೂಲ್ಸ್ ಮೆನುವಿನಲ್ಲಿರುವ ಎಕ್ಸ್‌ಪೋರ್ಟ್ ಮೂಲಕವೂ ಒಂದು ಜಿಪ್ ಕಡತ ಮಾಡಿಟ್ಟುಕೊಳ್ಳಲಿ. ಹೊಸ ಥಂಡರ್‌ಬರ್ಡ್ ಎಲ್ಲಿಂದ ಬಂದರೂ ಇದನ್ನು ಇಂಪೋರ್ಟ್ ಮಾಡಿಕೊಳ್ಳಬಹುದು. ಅಂಚೆಯ ಗಾತ್ರ 2 ಜಿಬಿ ಮೀರಿದ್ದರೆ ಈ ದಾರಿ ನಡೆಯದು, ಟಾರ್ ಬ್ಯಾಕಪ್ಪೇ ಗತಿ.

## ಹಂತ 3: ಬದಲಿ ಬ್ರೌಸರನ್ನು ಮೊದಲೇ ಹಾಕಿಕೊಳ್ಳಿ

"ಆಪ್ಟ್" ಎಂಬುದು ಉಬುಂಟುವಿನ ಮಾಮೂಲಿ ಪ್ಯಾಕೇಜ್ ನಿರ್ವಾಹಕ, "ಸುಡೊ" ಎಂದರೆ ಆಡಳಿತಾಧಿಕಾರದಿಂದ ನಡೆಸು ಎಂದು. ಬಹಳ ಮಂದಿ ಇಲ್ಲಿ "ಸುಡೊ ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್" ಎಂದು ಬರೆದು ನೆಮ್ಮದಿಯಾಗುತ್ತಾರೆ. ಅದು ಕೆಲಸ ಮಾಡಿದಂತೆ ತೋರುತ್ತದೆ, ಆದರೆ ಬಂದಿರುವುದು ಮತ್ತೆ ಸ್ನ್ಯಾಪ್ಪೇ. 22.04ರಿಂದ ಉಬುಂಟುವಿನ ಸ್ವಂತ ಭಂಡಾರದಲ್ಲಿರುವ (ಆಪ್ಟ್ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುವ ಸರ್ವರ್) "ಫೈರ್‌ಫಾಕ್ಸ್" ಪ್ಯಾಕೇಜ್ ಒಂದು ಖಾಲಿ ಹೊದಿಕೆ ಮಾತ್ರ; ಒಳಗೆ ಬ್ರೌಸರ್ ಇರುವುದಿಲ್ಲ, ಸ್ನ್ಯಾಪ್ ಆವೃತ್ತಿಯನ್ನು ತರಿಸುವ ಸೂಚನೆ ಇರುತ್ತದೆ. "ಕ್ರೋಮಿಯಂ-ಬ್ರೌಸರ್" ಪ್ಯಾಕೇಜ್ ಕೂಡ ಹೀಗೆಯೇ. 24.04ರಲ್ಲಿ ಥಂಡರ್‌ಬರ್ಡ್ ಸಹ ಈ ಸಾಲಿಗೆ ಸೇರಿದೆ.

ನಿಜವಾದ ಡೆಬ್ ಪ್ಯಾಕೇಜ್ (ಆಪ್ಟ್ ಸ್ಥಾಪಿಸುವ ಮಾಮೂಲಿ ರೂಪ) ಬೇಕೆಂದರೆ ಮೊಜಿಲ್ಲಾದ ಸ್ವಂತ ಭಂಡಾರವನ್ನು ಸೇರಿಸಿಕೊಳ್ಳಬೇಕು. ಅದು ಸ್ಥಿರ ಆವೃತ್ತಿಗೆ 2024ರ ಜನವರಿಯಿಂದ ಲಭ್ಯವಿದೆ. ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್ ಸ್ಥಾಪಿಸುವ ಬಗ್ಗೆ ಮೊಜಿಲ್ಲಾದ ಸಹಾಯ ಪುಟದಲ್ಲಿ ಇದರ ಆಜ್ಞೆಗಳಿವೆ. ಅವು ಉದ್ದವಾದವು, ಕೈಯಲ್ಲಿ ಟೈಪ್ ಮಾಡದೆ ಅಲ್ಲಿಂದಲೇ ನಕಲು ಮಾಡಿ. ಅವು ಮಾಡುವ ಕೆಲಸ ನಾಲ್ಕು: ಮೊಜಿಲ್ಲಾದ ಸಹಿಯ ಕೀಲಿಯನ್ನು "/ಇಟಿಸಿ/ಆಪ್ಟ್/ಕೀರಿಂಗ್ಸ್" ಫೋಲ್ಡರ್‌ಗೆ ಇಳಿಸುವುದು, ಆ ಕೀಲಿಯ ಬೆರಳಚ್ಚು ಪುಟದಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡುವುದು, ಭಂಡಾರದ ವಿಳಾಸ ಸೇರಿಸುವುದು, ಆದ್ಯತೆಯ ಕಡತ ಬರೆಯುವುದು. ಬೆರಳಚ್ಚು ಹೊಂದದಿದ್ದರೆ ಅಲ್ಲೇ ನಿಲ್ಲಿಸಿ, ಇಳಿಸಿದ ಕೀಲಿಯನ್ನು ಅಳಿಸಿ.

ನಾಲ್ಕನೆಯದಾದ ಆದ್ಯತೆಯ ಕಡತವನ್ನು ಬಿಟ್ಟವರೇ ಹೆಚ್ಚು ಸೋಲುವುದು. ಅದರ ಕಾರಣ ತಿಳಿದಿರಲಿ. ಉಬುಂಟುವಿನ ಖಾಲಿ ಹೊದಿಕೆಯ ಆವೃತ್ತಿ ಸಂಖ್ಯೆ "1:1ಸ್ನ್ಯಾಪ್1" ಎಂದು ಶುರುವಾಗುತ್ತದೆ. ವಿಭಜಕ ಚಿಹ್ನೆಗಿಂತ (:) ಮುಂಚಿನ ಆ ಒಂದು ಅಂಕಿಯಿಂದಾಗಿ ಆಪ್ಟ್ ಅದನ್ನು ಮೊಜಿಲ್ಲಾದ ಯಾವ ಆವೃತ್ತಿಗಿಂತಲೂ ಹೊಸದೆಂದು ಎಣಿಸುತ್ತದೆ. ಹಾಗಾಗಿ ಮೊಜಿಲ್ಲಾದ ಭಂಡಾರ ಸೇರಿಸಿದ ಮಾತ್ರಕ್ಕೆ ಏನೂ ಬದಲಾಗದು. "/ಇಟಿಸಿ/ಆಪ್ಟ್/ಪ್ರಿಫರೆನ್ಸಸ್.ಡಿ" ಫೋಲ್ಡರ್‌ನಲ್ಲಿ "ಮೊಜಿಲ್ಲಾ" ಎಂಬ ಕಡತದೊಳಗೆ ಈ ಮೂರು ಸಾಲುಗಳಿರಬೇಕು:

ಪ್ಯಾಕೇಜ್: *
ಪಿನ್: ಒರಿಜಿನ್ ಪ್ಯಾಕೇಜಸ್.ಮೊಜಿಲ್ಲಾ.ಆರ್ಗ್
ಪಿನ್-ಪ್ರಯಾರಿಟಿ: 1000

ಇಲ್ಲಿ ವಿಭಜಕ ಚಿಹ್ನೆಗೆ ಮುಂಚಿನ ಪದಗಳ ಮೊದಲ ಅಕ್ಷರ ದೊಡ್ಡದು. 1000 ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ: ಆದ್ಯತೆ 1000 ಅಥವಾ ಹೆಚ್ಚಿದ್ದರೆ ಮಾತ್ರ ಆಪ್ಟ್ "ಹಿಂದಿನ" ಆವೃತ್ತಿಗೆ ಇಳಿಯಲು ಒಪ್ಪುತ್ತದೆ. 900 ಎಂದು ಬರೆದರೆ ಕೆಲಸವಾಗದು.

ಸ್ಥಾಪಿಸುವ ಮೊದಲು ಪರೀಕ್ಷಿಸಿ:

ಸುಡೊ ಆಪ್ಟ್ ಅಪ್‌ಡೇಟ್
ಆಪ್ಟ್-ಕ್ಯಾಶೆ ಪಾಲಿಸಿ ಫೈರ್‌ಫಾಕ್ಸ್

ಎರಡನೆಯದರ ಉತ್ತರದಲ್ಲಿ "ಕ್ಯಾಂಡಿಡೇಟ್" ಎಂಬ ಸಾಲನ್ನು ನೋಡಿ. ಅಲ್ಲಿ "ಬಿಲ್ಡ್" ಎಂಬ ಪದವಿರುವ ಸಂಖ್ಯೆಯಿದ್ದರೆ ಸರಿಯಾಗಿದೆ. "ಸ್ನ್ಯಾಪ್" ಎಂದಿದ್ದರೆ ಆದ್ಯತೆ ಲಾಗೂ ಆಗಿಲ್ಲ. ಆಗ ಕಡತದ ಹೆಸರನ್ನು ನೋಡಿ: ಅದಕ್ಕೆ ವಿಸ್ತರಣೆಯೇ ಇರಬಾರದು, ಇಲ್ಲವೇ ".ಪ್ರೆಫ್" ಇರಬೇಕು. ".ಟಿಎಕ್ಸ್‌ಟಿ" ಎಂದು ಉಳಿಸಿದ್ದರೆ ಆಪ್ಟ್ ಅದನ್ನು ಓದುವುದೇ ಇಲ್ಲ.

ಸಾಲು ಸರಿಯಿದ್ದರೆ ಸ್ಥಾಪಿಸಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್

ಪ್ಯಾಕೇಜನ್ನು ಕೆಳಗಿನ ಆವೃತ್ತಿಗೆ ಇಳಿಸುತ್ತಿದ್ದೇನೆ ಎಂದು ಆಪ್ಟ್ ಎಚ್ಚರಿಸುತ್ತದೆ. ಮೇಲೆ ಹೇಳಿದ ಅಂಕಿಯ ಕಾರಣಕ್ಕೆ ಹಾಗೆ, ಗಾಬರಿ ಬೇಡ, ಒಪ್ಪಿಗೆ ಕೊಡಿ.

## ಹಂತ 4: ಪ್ರೊಫೈಲ್ ಅನ್ನು ಹೊಸ ಮನೆಗೆ ತನ್ನಿ

ಪ್ರೊಫೈಲ್ ಎಂದರೆ ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಇತಿಹಾಸ ಇರುವ ಫೋಲ್ಡರ್. ಹೊಸ ಫೈರ್‌ಫಾಕ್ಸನ್ನು ಇನ್ನೂ ತೆರೆಯಬೇಡಿ. ಹಳೆಯದನ್ನು ಪೂರ್ತಿ ಮುಚ್ಚಿರಿ. ಹೋಮ್‌ನಲ್ಲಿ ".ಮೊಜಿಲ್ಲಾ" ಎಂಬ ಮರೆಯಾದ ಫೋಲ್ಡರ್ ಮೊದಲೇ ಇದೆಯೇ ನೋಡಿ; ಹಳೆಯ ಉಬುಂಟುವಿನಿಂದ ಮೇಲೇರಿಸಿಕೊಂಡು ಬಂದ ಕಂಪ್ಯೂಟರ್‌ಗಳಲ್ಲಿ ಇರುತ್ತದೆ. ಇದ್ದರೆ ಅದರ ಹೆಸರನ್ನು ".ಮೊಜಿಲ್ಲಾ-ಹಳೆಯದು" ಎಂಬರ್ಥದ ಏನಾದರೂ ಮಾಡಿ ಪಕ್ಕಕ್ಕಿಡಿ. ಆಮೇಲೆ:

ಸಿಪಿ -ಎ ~/ಸ್ನ್ಯಾಪ್/ಫೈರ್‌ಫಾಕ್ಸ್/ಕಾಮನ್/.ಮೊಜಿಲ್ಲಾ ~/

ಈಗ ಟರ್ಮಿನಲ್‌ನಿಂದ ಹೊಸ ಬ್ರೌಸರ್ ತೆರೆಯಿರಿ:

/ಯುಎಸ್‌ಆರ್/ಬಿನ್/ಫೈರ್‌ಫಾಕ್ಸ್

ಪೂರ್ತಿ ಹಾದಿ ಕೊಡುವುದರಿಂದ ತೆರೆದುಕೊಂಡದ್ದು ಡೆಬ್ ಆವೃತ್ತಿಯೇ ಎಂದು ಖಚಿತವಾಗುತ್ತದೆ. ಬುಕ್‌ಮಾರ್ಕ್‌ಗಳು ಕಾಣದೆ ಖಾಲಿ ಬ್ರೌಸರ್ ಬಂದರೆ ಏನೂ ಕಳೆದಿಲ್ಲ. ಫೈರ್‌ಫಾಕ್ಸ್ 67ರಿಂದ ಈಚೆಗೆ ಪ್ರತಿ ಸ್ಥಾಪನೆಗೂ ಬೇರೆಯೇ ಪ್ರೊಫೈಲ್ ಹಿಡಿಯುವ ಪದ್ಧತಿಯಿದೆ, ಹಾಗಾಗಿ ಅದು ಹೊಸದೊಂದನ್ನು ಸೃಷ್ಟಿಸಿಕೊಂಡಿರುತ್ತದೆ. ವಿಳಾಸಪಟ್ಟಿಯಲ್ಲಿ "ಅಬೌಟ್:ಪ್ರೊಫೈಲ್ಸ್" ಎಂದು ಬರೆದು ಹಳೆಯ ಪ್ರೊಫೈಲನ್ನು ಪೂರ್ವನಿಯೋಜಿತವಾಗಿ ಆರಿಸಿ, ಬ್ರೌಸರನ್ನು ಮುಚ್ಚಿ ತೆರೆಯಿರಿ.

ಈ ಪ್ರೊಫೈಲ್ ಫೈರ್‌ಫಾಕ್ಸ್‌ನ ಹೊಸ ಆವೃತ್ತಿಯಲ್ಲಿ ಬಳಕೆಯಾಗಿದೆ ಎಂಬ ಎಚ್ಚರಿಕೆ ಬಂದರೆ, ಡೆಬ್ ಆವೃತ್ತಿ ಸ್ನ್ಯಾಪ್‌ಗಿಂತ ಹಿಂದಿದೆ ಎಂದರ್ಥ. ಹೊಸ ಪ್ರೊಫೈಲ್ ಮಾಡುವ ಗುಂಡಿ ಒತ್ತಬೇಡಿ. ಹೊರಬಂದು, ಆಪ್ಟ್ ಅಪ್‌ಡೇಟ್ ಮಾಡಿ, ಹೊಸ ಆವೃತ್ತಿ ಹಾಕಿಕೊಂಡು ಮತ್ತೆ ತೆರೆಯಿರಿ.

ಬುಕ್‌ಮಾರ್ಕ್ ಕಂಡಿತೆಂದು ಎದ್ದುಬಿಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳ ಪಟ್ಟಿ ತೆರೆದು ಒಂದೆರಡನ್ನು ಕಣ್ಣಾರೆ ನೋಡಿ. ಪಾಸ್‌ವರ್ಡ್‌ಗಳು "ಲಾಗಿನ್ಸ್.ಜೇಸನ್" ಮತ್ತು "ಕೀ4.ಡಿಬಿ" ಎಂಬ ಎರಡು ಕಡತಗಳಲ್ಲಿ ಹಂಚಿಕೊಂಡಿರುತ್ತವೆ, ಕೈಯಾರೆ ಆಯ್ದು ನಕಲು ಮಾಡಿದವರು ಒಂದನ್ನು ಬಿಟ್ಟು ಇನ್ನೊಂದನ್ನು ತಂದಿರುತ್ತಾರೆ, ಆಗ ಒಂದೂ ತೆರೆಯುವುದಿಲ್ಲ.

ಉಳಿದ ತಂತ್ರಾಂಶಗಳ ಬದಲಿಯನ್ನೂ ಈಗಲೇ ಹಾಕಿ, ಒಮ್ಮೆ ತೆರೆದು ನೋಡಿ. ಭಂಡಾರದಲ್ಲಿ ಡೆಬ್ ಇಲ್ಲದವಕ್ಕೆ ಫ್ಲ್ಯಾಟ್‌ಪ್ಯಾಕ್ ಎಂಬ ಇನ್ನೊಂದು ಸ್ಥಾಪನಾ ವ್ಯವಸ್ಥೆ ಒಂದು ದಾರಿ.

## ಹಂತ 5: ಮೇಲಿನಿಂದ ಕೆಳಕ್ಕೆ ತೆಗೆಯಿರಿ

ಈಗ ಹಂತ 1ರ ಪಟ್ಟಿಯನ್ನು ಕೈಗೆತ್ತಿಕೊಳ್ಳಿ. ಮಾಡಿನಿಂದ ಶುರುಮಾಡಿ ಅಡಿಪಾಯಕ್ಕೆ ಬರುವುದು ಸರಿಯಾದ ದಿಕ್ಕು. ತಂತ್ರಾಂಶಗಳು ಮೊದಲು:

ಸುಡೊ ಸ್ನ್ಯಾಪ್ ರಿಮೂವ್ --ಪರ್ಜ್ ಫೈರ್‌ಫಾಕ್ಸ್
ಸುಡೊ ಸ್ನ್ಯಾಪ್ ರಿಮೂವ್ --ಪರ್ಜ್ ಸ್ನ್ಯಾಪ್-ಸ್ಟೋರ್

ಹೀಗೆ ಒಂದೊಂದಾಗಿ. "--ಪರ್ಜ್" ಎಂದರೆ ಆ 31 ದಿನದ ಪ್ರತಿ ಬೇಡವೆಂದು ಹೇಳುವುದು. ದೊಡ್ಡ ಪ್ರೊಫೈಲ್ ಇದ್ದರೆ ಅದನ್ನು ಬರೆಯುವಲ್ಲೇ ಬಹಳ ಹೊತ್ತು ಹೋಗುತ್ತದೆ. ತಂತ್ರಾಂಶಗಳಾದ ಮೇಲೆ "ಸ್ನ್ಯಾಪ್‌ಡಿ-ಡೆಸ್ಕ್‌ಟಾಪ್-ಇಂಟಿಗ್ರೇಶನ್", ಆಮೇಲೆ "ಜಿಟಿಕೆ-ಕಾಮನ್-ಥೀಮ್ಸ್" ಮತ್ತು "ಗ್ನೋಮ್" ಹೆಸರಿನವು, ಆಮೇಲೆ "ಬೇರ್", ಆಮೇಲೆ "ಕೋರ್" ಹೆಸರಿನವು, ಎಲ್ಲಕ್ಕಿಂತ ಕೊನೆಗೆ "ಸ್ನ್ಯಾಪ್‌ಡಿ".

ತಪ್ಪು ಸರದಿಯಲ್ಲಿ ಹೋದರೆ ಸ್ನ್ಯಾಪ್ ತಾನೇ ತಡೆಯುತ್ತದೆ: ಈ ಅಡಿಪಾಯವನ್ನು ಇಂಥ ತಂತ್ರಾಂಶ ಬಳಸುತ್ತಿದೆ, ತೆಗೆಯಲಾಗದು ಎಂದು ಹೆಸರು ಸಮೇತ ಹೇಳುತ್ತದೆ. ಆ ಹೆಸರಿನದನ್ನು ಮೊದಲು ತೆಗೆದು ಮತ್ತೆ ಪ್ರಯತ್ನಿಸಿ. ಇಲ್ಲಿ ಸಿಟ್ಟಿಗೆದ್ದು "/ಸ್ನ್ಯಾಪ್" ಫೋಲ್ಡರನ್ನೇ ಅಳಿಸಲು ಹೋಗುವವರಿದ್ದಾರೆ. ಅದರೊಳಗಿರುವುದು ಓದಲಷ್ಟೇ ಬರುವಂತೆ ಜೋಡಿಸಿದ ಚಿತ್ರ ಕಡತಗಳು, ಹಾಗಾಗಿ ಅಳಿಸಲು ಆಗುವುದಿಲ್ಲ. "/ವಾರ್/ಲಿಬ್/ಸ್ನ್ಯಾಪ್‌ಡಿ" ಆದರೆ ಅಳಿದೇ ಅಳಿಯುತ್ತದೆ, ಆಮೇಲೆ ಏನೇನು ಸ್ಥಾಪನೆಯಾಗಿದೆ ಎಂಬ ಲೆಕ್ಕವೇ ಸ್ನ್ಯಾಪ್‌ಡಿಗೆ ತಪ್ಪಿ ಕೆಲಸ ಇನ್ನಷ್ಟು ಕಗ್ಗಂಟಾಗುತ್ತದೆ.

ಇನ್ನೊಂದು ಅಡ್ಡಿ: ಬೇರೊಂದು ಬದಲಾವಣೆ ನಡೆಯುತ್ತಿದೆ ಎಂಬ ಸಂದೇಶ. ಸ್ನ್ಯಾಪ್ ದಿನಕ್ಕೆ ನಾಲ್ಕು ಬಾರಿ ತಾನಾಗಿ ನವೀಕರಣ ಹುಡುಕುತ್ತದೆ, ನೀವು ಆ ಹೊತ್ತಿಗೇ ಬಂದಿರಬಹುದು. "ಸ್ನ್ಯಾಪ್ ಚೇಂಜಸ್" ಕೊಟ್ಟರೆ ನಡೆಯುತ್ತಿರುವುದರ ಸಂಖ್ಯೆ ಸಿಗುತ್ತದೆ. ಸ್ವಲ್ಪ ಕಾಯಿರಿ. ಬಹಳ ಹೊತ್ತಾದರೂ ಮುಗಿಯದಿದ್ದರೆ "ಸುಡೊ ಸ್ನ್ಯಾಪ್ ಅಬಾರ್ಟ್" ಎಂದು ಬರೆದು ಮುಂದೆ ಆ ಸಂಖ್ಯೆ ಕೊಡಿ. ಫೋಲ್ಡರ್ ಬಳಕೆಯಲ್ಲಿದೆ ಎಂಬ ದೂರು ಬಂದರೆ ಹಿನ್ನೆಲೆಯಲ್ಲಿ ಯಾವುದೋ ತಂತ್ರಾಂಶ ಓಡುತ್ತಿದೆ; ಕಂಪ್ಯೂಟರನ್ನು ಮರುಪ್ರಾರಂಭಿಸಿ, ಏನನ್ನೂ ತೆರೆಯದೆ ನೇರ ಟರ್ಮಿನಲ್‌ಗೆ ಬನ್ನಿ.

"ಸ್ನ್ಯಾಪ್ ಲಿಸ್ಟ್" ಕೊಟ್ಟಾಗ ಯಾವ ಸ್ನ್ಯಾಪ್ಪೂ ಇಲ್ಲವೆಂದು ಹೇಳುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 6: ಸ್ನ್ಯಾಪ್‌ಡಿ ಪ್ಯಾಕೇಜನ್ನು ತೆಗೆಯಿರಿ, ಆದರೆ ಮೊದಲು ಅಣಕು ಪ್ರಯೋಗ

ಸುಡೊ ಆಪ್ಟ್-ಗೆಟ್ -ಎಸ್ ಪರ್ಜ್ ಸ್ನ್ಯಾಪ್‌ಡಿ

"-ಎಸ್" ಇರುವುದರಿಂದ ಏನೂ ತೆಗೆಯಲ್ಪಡುವುದಿಲ್ಲ, ಏನೇನು ಹೋಗಲಿದೆ ಎಂಬ ಪಟ್ಟಿ ಮಾತ್ರ ಬರುತ್ತದೆ. ಪ್ರತಿ ಹೆಸರನ್ನೂ ಓದಿ. ಸ್ನ್ಯಾಪ್‌ಡಿ ಮತ್ತು ಅದರ ಪ್ಲಗಿನ್‌ಗಳಷ್ಟೇ ಇದ್ದರೆ ನಿಶ್ಚಿಂತೆ. "ಉಬುಂಟು-ಡೆಸ್ಕ್‌ಟಾಪ್" ಎಂಬುದು ಕಂಡರೆ, ಅದು ಇತರ ಪ್ಯಾಕೇಜ್‌ಗಳನ್ನು ಒಟ್ಟಿಗೆ ತರುವ ಪಟ್ಟಿಯಂಥ ಪ್ಯಾಕೇಜ್, ಡೆಸ್ಕ್‌ಟಾಪ್ ಅಲ್ಲ. ಅದು ಹೋದರೂ ಪರದೆ ಉಳಿಯುತ್ತದೆ. ಆದರೆ "ಗ್ನೋಮ್-ಶೆಲ್", "ಜಿಡಿಎಂ3", "ನಾಟಿಲಸ್" ಇವುಗಳಲ್ಲಿ ಯಾವುದಾದರೂ ಪಟ್ಟಿಯಲ್ಲಿದ್ದರೆ ಕೆಂಪು ದೀಪ ಹೊತ್ತಿದಂತೆ. ಮುಂದುವರಿದರೆ ಡೆಸ್ಕ್‌ಟಾಪ್ಪೋ ಲಾಗಿನ್ ಪರದೆಯೋ ಫೈಲ್ಸ್ ತಂತ್ರಾಂಶವೋ ಇಲ್ಲದ ಕಂಪ್ಯೂಟರ್ ಉಳಿಯುತ್ತದೆ.

ಪಟ್ಟಿ ಒಪ್ಪಿಗೆಯಾದರೆ "-ಎಸ್" ಬಿಟ್ಟು ಅದೇ ಆಜ್ಞೆ:

ಸುಡೊ ಆಪ್ಟ್-ಗೆಟ್ ಪರ್ಜ್ ಸ್ನ್ಯಾಪ್‌ಡಿ

ಇದರ ಬೆನ್ನಿಗೇ "ಆಟೋರಿಮೂವ್" (ಯಾವುದಕ್ಕೂ ಬೇಡವಾದ ಪ್ಯಾಕೇಜ್‌ಗಳನ್ನು ತೆಗೆಯುವ ಆಜ್ಞೆ) ಕೊಡುವ ಅಭ್ಯಾಸ ಹಲವರಿಗಿದೆ, ಅದೂ ಪ್ರಶ್ನೆ ಕೇಳದಂತೆ "-ವೈ" ಸೇರಿಸಿ. ದಯವಿಟ್ಟು ಹಾಗೆ ಮಾಡಬೇಡಿ. ಮೇಲೆ ಹೇಳಿದ ಪಟ್ಟಿಯಂಥ ಪ್ಯಾಕೇಜ್ ಹೋಗಿದ್ದರೆ, ಅದು ತಂದಿದ್ದ ಪ್ಯಾಕೇಜ್‌ಗಳನ್ನು ಅನಾಥವೆಂದು ಆಪ್ಟ್ ಎಣಿಸುವ ಸಾಧ್ಯತೆಯಿದೆ. ಆಟೋರಿಮೂವನ್ನು ಕೂಡ ಮೊದಲು "-ಎಸ್" ಜೊತೆ ಓಡಿಸಿ ಪಟ್ಟಿ ಓದಿ. ಉಳಿಯಬೇಕಾದದ್ದು ಅಲ್ಲಿದ್ದರೆ "ಸುಡೊ ಆಪ್ಟ್-ಮಾರ್ಕ್ ಮ್ಯಾನ್ಯುಯಲ್" ಎಂದು ಬರೆದು ಮುಂದೆ ಅದರ ಹೆಸರು ಕೊಡಿ, ಆಮೇಲೆ ಆಪ್ಟ್ ಅದನ್ನು ಮುಟ್ಟುವುದಿಲ್ಲ.

## ಹಂತ 7: ಮರಳಿ ಬರದಂತೆ ಬೀಗ

"/ಇಟಿಸಿ/ಆಪ್ಟ್/ಪ್ರಿಫರೆನ್ಸಸ್.ಡಿ" ಒಳಗೆ "ನೋಸ್ನ್ಯಾಪ್.ಪ್ರೆಫ್" ಎಂಬ ಕಡತ ಮಾಡಿ ಈ ಮೂರು ಸಾಲು ಬರೆಯಿರಿ:

ಪ್ಯಾಕೇಜ್: ಸ್ನ್ಯಾಪ್‌ಡಿ
ಪಿನ್: ರಿಲೀಸ್ ಎ=*
ಪಿನ್-ಪ್ರಯಾರಿಟಿ: -10

ಲಿನಕ್ಸ್ ಮಿಂಟ್ 2020ರಲ್ಲಿ ಬಂದ ತನ್ನ 20ನೇ ಆವೃತ್ತಿಯಿಂದ ಇದೇ ಹೆಸರಿನ ಕಡತದಿಂದಲೇ ಸ್ನ್ಯಾಪನ್ನು ತಡೆದಿದೆ. "ಆಪ್ಟ್-ಮಾರ್ಕ್ ಹೋಲ್ಡ್" ಎಂಬ ಇನ್ನೊಂದು ವಿಧಾನವೂ ಇದೆ. ನನಗೆ ಕಡತವೇ ಮೆಚ್ಚು: ವರ್ಷದ ನಂತರ ಇನ್ನೊಬ್ಬರು ಬಂದು ನೋಡಿದರೂ ಏಕೆ ಹೀಗಿದೆ ಎಂದು ತೆರೆದು ಓದಬಹುದು.

ಬೀಗ ಬಿದ್ದಿದೆಯೇ ಎಂದು ಅಲುಗಿಸಿ ನೋಡಿ. "ಆಪ್ಟ್-ಕ್ಯಾಶೆ ಪಾಲಿಸಿ ಸ್ನ್ಯಾಪ್‌ಡಿ" ಕೊಟ್ಟಾಗ ಕ್ಯಾಂಡಿಡೇಟ್ ಸಾಲಿನಲ್ಲಿ "ನನ್" ಎಂದಿರಬೇಕು. ಅಣಕು ಪ್ರಯೋಗವಾಗಿ "ಸುಡೊ ಆಪ್ಟ್-ಗೆಟ್ -ಎಸ್ ಇನ್‌ಸ್ಟಾಲ್ ಕ್ರೋಮಿಯಂ-ಬ್ರೌಸರ್" ಕೊಡಿ. ಬೇಕಾದ ಅವಲಂಬನೆ ಸಿಗುತ್ತಿಲ್ಲವೆಂದು ಅದು ಸೋತರೆ ನೀವು ಗೆದ್ದಿದ್ದೀರಿ.

## ಹಂತ 8: ಉಳಿದ ಕುರುಹುಗಳು

ಕಂಪ್ಯೂಟರನ್ನು ಒಮ್ಮೆ ಮರುಪ್ರಾರಂಭಿಸಿ. ಆಮೇಲೆ "ಎಲ್‌ಎಸ್‌ಬಿಎಲ್‌ಕೆ" ಆಜ್ಞೆ ಕೊಟ್ಟು ಸ್ನ್ಯಾಪ್ ಹೆಸರಿನ "ಲೂಪ್" ಸಾಲುಗಳು ಉಳಿದಿಲ್ಲವೆಂದು ನೋಡಿ. ಉಳಿದಿದ್ದರೆ ಯಾವ ಫೋಲ್ಡರನ್ನೂ ಅಳಿಸಬೇಡಿ, ಹಂತ 5 ಮತ್ತು 6ನ್ನು ಮತ್ತೆ ನೋಡಿ. ಪರ್ಜ್ ಸರಿಯಾಗಿ ಆಗಿದ್ದರೆ "/ಸ್ನ್ಯಾಪ್", "/ವಾರ್/ಸ್ನ್ಯಾಪ್", "/ವಾರ್/ಲಿಬ್/ಸ್ನ್ಯಾಪ್‌ಡಿ" ತಾವಾಗಿ ಹೋಗಿರುತ್ತವೆ. ಹೋಮ್‌ನಲ್ಲಿರುವ "ಸ್ನ್ಯಾಪ್" ಫೋಲ್ಡರ್ ಮಾತ್ರ ಉಳಿದಿರುತ್ತದೆ.

ಅದನ್ನು ಟರ್ಮಿನಲ್‌ನಿಂದ ಅಳಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. "ಆರ್‌ಎಂ -ಆರ್‌ಎಫ್" ನಂತರ ಹೋಮ್ ಚಿಹ್ನೆಗೂ "ಸ್ನ್ಯಾಪ್" ಪದಕ್ಕೂ ನಡುವೆ ತಪ್ಪಿ ಒಂದು ಖಾಲಿ ಜಾಗ ಬಿದ್ದರೆ ಅಳಿಯುವುದು ನಿಮ್ಮ ಇಡೀ ಹೋಮ್ ಫೋಲ್ಡರ್. ಫೈಲ್ಸ್ ತಂತ್ರಾಂಶದಲ್ಲಿ ಆ ಫೋಲ್ಡರನ್ನು ಆರಿಸಿ ಕಸದ ಬುಟ್ಟಿಗೆ ಹಾಕಿ. ಒಂದು ವಾರ ಕಸದ ಬುಟ್ಟಿಯಲ್ಲೇ ಇರಲಿ.

ಪಕ್ಕದ ಪಟ್ಟಿಯಲ್ಲಿ ಫೈರ್‌ಫಾಕ್ಸ್ ಚಿಹ್ನೆ ಕಾಣೆಯಾಗಿದ್ದರೆ ಹೊಸದನ್ನು ತೆರೆದು, ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ ಸೇರಿಸಿಕೊಳ್ಳಿ. ಕೊಂಡಿಗಳನ್ನು ಒತ್ತಿದರೆ ಏನೂ ತೆರೆಯದಿದ್ದರೆ ಸೆಟ್ಟಿಂಗ್ಸ್‌ನ ಪೂರ್ವನಿಯೋಜಿತ ತಂತ್ರಾಂಶಗಳಲ್ಲಿ ಹಳೆಯ ನಮೂದೇ ಉಳಿದಿದೆ, ಹೊಸ ಫೈರ್‌ಫಾಕ್ಸನ್ನು ಆರಿಸಿ. ಮೊದಲೇ ತೆರೆದಿಟ್ಟಿದ್ದ ಟರ್ಮಿನಲ್ "/ಸ್ನ್ಯಾಪ್/ಬಿನ್" ಒಳಗೆ ಫೈರ್‌ಫಾಕ್ಸ್ ಇಲ್ಲವೆಂದು ದೂರಿದರೆ ಅದನ್ನು ಮುಚ್ಚಿ ಹೊಸದು ತೆರೆಯಿರಿ, ಹಳೆಯ ಹಾದಿ ಅದರ ನೆನಪಿನಲ್ಲಿ ಉಳಿದಿರುತ್ತದೆ, ಅಷ್ಟೆ.

## ಹಂತ 9: ಇನ್ನು ಮುಂದೆ ನಿಮ್ಮ ಹೊಣೆ

ಸ್ನ್ಯಾಪ್ ಇದ್ದಾಗ ಬ್ರೌಸರ್ ನಿಮಗೆ ಗೊತ್ತಿಲ್ಲದೆಯೇ ನವೀಕರಣವಾಗುತ್ತಿತ್ತು. ಈಗ ಆ ಕೆಲಸ ಆಪ್ಟ್‌ನದು. ಉಬುಂಟುವಿನ ಮೌನ ಭದ್ರತಾ ನವೀಕರಣ ಹೊರಗಿನ ಭಂಡಾರಗಳನ್ನು ಪೂರ್ವನಿಯೋಜಿತವಾಗಿ ಪರಿಗಣಿಸುವುದಿಲ್ಲ, ಮೊಜಿಲ್ಲಾದ ಭಂಡಾರವೂ ಹೊರಗಿನದೇ. ಆದ್ದರಿಂದ ಸಾಫ್ಟ್‌ವೇರ್ ಅಪ್‌ಡೇಟರ್ ಕೇಳಿದಾಗ ಮುಂದೂಡಬೇಡಿ, ವಾರಕ್ಕೊಮ್ಮೆಯಾದರೂ "ಸುಡೊ ಆಪ್ಟ್ ಅಪ್‌ಡೇಟ್" ಮತ್ತು "ಸುಡೊ ಆಪ್ಟ್ ಅಪ್‌ಗ್ರೇಡ್" ಓಡಿಸಿ. ಹಳೆಯ ಬ್ರೌಸರ್ ಇಟ್ಟುಕೊಂಡು ಬ್ಯಾಂಕಿನ ಪುಟ ತೆರೆಯುವುದಕ್ಕಿಂತ ಸ್ನ್ಯಾಪ್ ಇಟ್ಟುಕೊಳ್ಳುವುದೇ ಎಷ್ಟೋ ಮೇಲು.

ಆಪ್ ಸೆಂಟರ್ ಬದಲಿಗೆ "ಗ್ನೋಮ್-ಸಾಫ್ಟ್‌ವೇರ್" ಪ್ಯಾಕೇಜ್ ಹಾಕಿಕೊಳ್ಳಬಹುದು. ಫರ್ಮ್‌ವೇರ್ ನವೀಕರಣಕ್ಕೆ "ಎಫ್‌ಡಬ್ಲ್ಯುಯುಪಿಡಿಎಂಜಿಆರ್ ಗೆಟ್-ಅಪ್‌ಡೇಟ್ಸ್" ಎಂಬ ಆಜ್ಞೆಯಿಂದ ಏನೇನಿದೆ ಎಂದು ನೋಡಿ, "ಎಫ್‌ಡಬ್ಲ್ಯುಯುಪಿಡಿಎಂಜಿಆರ್ ಅಪ್‌ಡೇಟ್" ಆಜ್ಞೆಯಿಂದ ಹಾಕಿಕೊಳ್ಳಬಹುದು, ಅದರ ಹಿಂದಿನ ಸೇವೆ ಡೆಬ್ ಆಗಿಯೇ ಕಂಪ್ಯೂಟರ್‌ನಲ್ಲಿದೆ.

ಉಬುಂಟುವಿನ ಮುಂದಿನ ಆವೃತ್ತಿಗೆ ಏರುವಾಗ ಹೊರಗಿನ ಭಂಡಾರಗಳನ್ನು ಅದು ನಿಷ್ಕ್ರಿಯಗೊಳಿಸುತ್ತದೆ. ಏರಿದ ದಿನವೇ ಮೊಜಿಲ್ಲಾದ ಭಂಡಾರವನ್ನು ಮತ್ತೆ ಸಕ್ರಿಯಗೊಳಿಸಿ, ಆದ್ಯತೆಯ ಎರಡೂ ಕಡತಗಳು ಇವೆಯೇ ನೋಡಿ, ಹಂತ 3 ಮತ್ತು 7ರ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿ. ಬೀಗದ ಕಾರಣಕ್ಕೆ ಆವೃತ್ತಿ ಏರಿಕೆಯೇ ನಿಂತರೆ "ನೋಸ್ನ್ಯಾಪ್.ಪ್ರೆಫ್" ಕಡತವನ್ನು ತಾತ್ಕಾಲಿಕವಾಗಿ ಬೇರೆಡೆ ಇಟ್ಟು ಏರಿ, ಆಮೇಲೆ ಹಂತ 5ರಿಂದ ಮತ್ತೆ ಶುರುಮಾಡಿ.

ಮನಸ್ಸು ಬದಲಾಗಿ ಸ್ನ್ಯಾಪ್ ಮತ್ತೆ ಬೇಕೆನಿಸಿದರೆ ಆ ಕಡತವನ್ನು ಅಳಿಸಿ, "ಸುಡೊ ಆಪ್ಟ್ ಅಪ್‌ಡೇಟ್" ಮಾಡಿ, "ಸುಡೊ ಆಪ್ಟ್ ಇನ್‌ಸ್ಟಾಲ್ ಸ್ನ್ಯಾಪ್‌ಡಿ" ಕೊಟ್ಟು ಮರುಪ್ರಾರಂಭಿಸಿ. ಹಂತ 2ರ ಟಾರ್ ಕಡತದಿಂದ ಬೇಕಾದ ತಂತ್ರಾಂಶದ ಫೋಲ್ಡರನ್ನು ಅದರ ಹಳೆಯ ಜಾಗಕ್ಕೆ ಬಿಚ್ಚಿಕೊಳ್ಳಬಹುದು.